ಮಗು, ನಾಯಿ, ಸೋಫಾ: ಮನೆ ಶುಚಿಯಾಗಿಡುವ ಬಗ್ಗೆ ಕೆಲವು ಮಾತು
(ದೇವಸ್ಥಾನದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಳಗ್ಗೆಯಿಂದ ಬಿಪಿ, ಶುಗರ್ ಪರೀಕ್ಷೆಯ ಸಾಲಿನಲ್ಲಿ ನಿಂತು ಸುಸ್ತಾಗಿದ್ದೀರಿ. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬೇರೆ ಬರುತ್ತಿದೆ. ಊಟಕ್ಕೆ ತಡ ಮಾಡುವುದಿಲ್ಲ, ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ.

ಪ್ರತಿ ವರ್ಷ ಈ ಶಿಬಿರದಲ್ಲಿ ನಾನು ಮಾತಾಡುವುದು ಸಕ್ಕರೆ ಕಾಯಿಲೆ ಅಥವಾ ಹೃದಯದ ಬಗ್ಗೆ. ಈ ಸಲ ಸೋಫಾ, ಕಾರ್ಪೆಟ್, ಹಾಸಿಗೆಯ ಬಗ್ಗೆ ಮಾತಾಡಲು ಒಂದು ಕಾರಣವಿದೆ. ಕಳೆದ ವರ್ಷ ಇದೇ ಹಾಲ್‌ನಲ್ಲಿ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಸೊಂಟದಲ್ಲಿ ಹದಿನಾಲ್ಕು ತಿಂಗಳ ಮಗು. ಮನೆಯಲ್ಲಿ ಒಂದು ಲ್ಯಾಬ್ರಡಾರ್ ನಾಯಿ, ಮದುವೆಗೆ ಮುಂಚಿನಿಂದ ಸಾಕಿದ್ದು. ಊರಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದಾರೆ. ಸೋಫಾ ಮೇಲೆ ನಾಯಿಯ ಕೂದಲು, ಅದೇ ಸೋಫಾದ ಅಂಚನ್ನು ಮಗು ಚೀಪುತ್ತದೆ. ಇದನ್ನು ನೋಡಿ ಅತ್ತೆಗೆ ದಿನವೂ ಸಂಕಟ, ಸೊಸೆಗೆ ದಿನವೂ ಅಪರಾಧಿ ಭಾವ. ಮನೆಯಲ್ಲಿ ದಿನಕ್ಕೆ ಎರಡು ಸಲ ಎಲ್ಲದಕ್ಕೂ ಡಿಸ್‌ಇನ್ಫೆಕ್ಟೆಂಟ್ ಹೊಡೆಯುತ್ತಿದ್ದರಂತೆ. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು: "ಆಂಟಿ, ನಾಯೀನ ಯಾರಿಗಾದ್ರೂ ಕೊಟ್ಟುಬಿಡ್ಬೇಕಾ?"

ಆ ದಿನ ಸಾಲು ಉದ್ದವಿತ್ತು, ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸಿದೆ. ಇವತ್ತು ಪೂರ್ತಿ ಉತ್ತರ ಹೇಳುತ್ತೇನೆ. ಇದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಹಲವರ ಮನೆಯಲ್ಲಿದೆ ಎಂದು ನನಗೆ ಗೊತ್ತು.

ಮೊದಲು ನನ್ನದೇ ತಪ್ಪು

ನನ್ನ ಮಗನಿಗೆ ಒಂದೂವರೆ ವರ್ಷ ಆಗಿದ್ದಾಗ ಮನೆಗೆ ಒಂದು ನಾಯಿಮರಿ ತಂದೆವು. ನಾನು ಆಗ ರೆಸಿಡೆನ್ಸಿಯಲ್ಲಿದ್ದೆ. ರಾತ್ರಿ ಡ್ಯೂಟಿ ಮುಗಿಸಿ ಬಂದರೆ ಕಾರ್ಪೆಟ್ ಮೇಲೆ ಎರಡು ಕಡೆ ನಾಯಿಯ ಉಚ್ಚೆ. ಪ್ರತಿ ಸಲ ಗರಾಜಿಗೆ ಹೋಗಿ ದೊಡ್ಡ ಕ್ಯಾನ್ ತರುವುದು ಯಾಕೆ ಎಂದು, ಕ್ಲೀನರ್ ಅನ್ನು ನೀರಲ್ಲಿ ಬೆರೆಸಿ, ಖಾಲಿಯಾದ ಶರಬತ್ತಿನ ಬಾಟಲಿಗೆ ತುಂಬಿ, ಸೋಫಾ ಹಿಂದೆ ಇಟ್ಟುಕೊಂಡೆ. ಒಂದು ಬೆಳಗ್ಗೆ ಮಗ ಆ ಬಾಟಲಿ ಬಾಯಿಗಿಟ್ಟುಕೊಂಡು ನಿಂತಿದ್ದ. ತುಟಿ, ಗಲ್ಲ ಎಲ್ಲ ಒದ್ದೆ.

ನಾನು ಡಾಕ್ಟರ್. ಆದರೂ ಫೋನ್ ನಂಬರ್ ಒತ್ತಲು ಕೈ ನಡುಗುತ್ತಿತ್ತು. ಪಾಯ್ಸನ್ ಕಂಟ್ರೋಲ್‌ನ ಹೆಂಗಸು ಸಮಾಧಾನವಾಗಿ ಕೇಳಿದರು: ಯಾವ ಕ್ಲೀನರ್, ಎಷ್ಟು ನೀರಲ್ಲಿ ಬೆರೆಸಿದ್ದು, ಮಗು ಎಷ್ಟು ತೂಕ, ಕೆಮ್ಮುತ್ತಿದ್ದಾನಾ? ಬಾಯಿ ಒರೆಸಿ, ಸ್ವಲ್ಪ ನೀರು ಕುಡಿಸಿ, ಹತ್ತಿರವೇ ಇದ್ದು ನೋಡಿಕೊಳ್ಳಿ ಎಂದರು. ನೀರು ಜಾಸ್ತಿ ಇತ್ತು, ಕುಡಿದದ್ದು ಒಂದು ಗುಟುಕು. ಅವನಿಗೆ ಏನೂ ಆಗಲಿಲ್ಲ. ಬೆರೆಸದೇ ಇದ್ದ ಕ್ಯಾನೇ ಕೈಗೆ ಸಿಕ್ಕಿದ್ದರೆ ಕಥೆ ಬೇರೆ ಆಗುತ್ತಿತ್ತು.

ಅಂದು ನಾನು ಕಲಿತದ್ದೇ ಇವತ್ತಿನ ಭಾಷಣ. ಕಾರ್ಪೆಟ್ ಮೇಲಿನ ನಾಯಿಯ ಉಚ್ಚೆಯಿಂದ ನನ್ನ ಮಗನಿಗೆ ಹೆಚ್ಚೇನೂ ಆಗುತ್ತಿರಲಿಲ್ಲ. ಅದನ್ನು ತೆಗೆಯಲು ನಾನು ತಂದಿಟ್ಟ ದ್ರಾವಣದಿಂದ ಆಗಬಹುದಿತ್ತು. ಚಿಕ್ಕ ಮಗು ಇರುವ ಮನೆಯಲ್ಲಿ ಕೊಳೆಯನ್ನು ತೆಗೆಯಿರಿ, ತೊಳೆಯಿರಿ, ಒಣಗಿಸಿ. ಕ್ರಿಮಿನಾಶಕ ನಿಜವಾಗಿ ಬೇಕಾಗುವುದು ಅಪರೂಪಕ್ಕೆ. ಘಮ ಘಮ ವಾಸನೆ ಬಂದರೆ ಮನೆ ಶುಚಿಯಾಯಿತು ಎಂದು ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ಶುಚಿಯಾದ ಸೋಫಾಗೆ ವಾಸನೆಯೇ ಇರುವುದಿಲ್ಲ.

ಮಗುವಿನ ಎತ್ತರದಿಂದ ನೋಡಿ

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಲಿವಿಂಗ್ ರೂಮಿನಲ್ಲಿ ಮಂಡಿ ಊರಿ ಕೂತು ಸುತ್ತ ನೋಡಿ. ಮಂಡಿ ನೋವಿರುವವರು ಮಗನಿಗೋ ಅಳಿಯನಿಗೋ ಹೇಳಿ. ಮಗುವಿನ ಲೋಕ ನೆಲದಿಂದ ಎರಡು ಅಡಿಯೊಳಗೆ ಇದೆ. ಅಲ್ಲಿ ಸೋಫಾದ ಕೆಳಗಿನ ಧೂಳು, ಕುಶನ್ ಸಂದು, ಕಿಟಕಿಯ ಅಂಚು, ನಾಯಿಯ ತಟ್ಟೆ ಎಲ್ಲ ಕಾಣುತ್ತದೆ. ಮಗು ಕೈ ಊರಿದ ಕಡೆಯದೆಲ್ಲ ಬಾಯಿಗೆ ಹೋಗುತ್ತದೆ. ಆದ್ದರಿಂದ ಸೋಫಾ ಒರೆಸುವುದಕ್ಕಿಂತ ಮೊದಲ ಔಷಧಿ ಕೈ ತೊಳೆಯುವುದು. ಊಟಕ್ಕೆ ಮುಂಚೆ, ನಾಯಿಯ ಜೊತೆ ಆಡಿದ ಮೇಲೆ, ಹೊರಗಿಂದ ಬಂದ ಮೇಲೆ ಸೋಪು ನೀರಿನಲ್ಲಿ ಇಪ್ಪತ್ತು ಸೆಕೆಂಡ್.

ಎರಡನೆಯದು ಬಾಗಿಲು. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿಯನ್ನು ಇಲ್ಲಿಗೆ ಬಂದ ಮೇಲೂ ಬಿಡಬೇಡಿ. ಹೊರಗಿನ ಮಣ್ಣು, ಹುಲ್ಲಿಗೆ ಹೊಡೆದ ಕಳೆನಾಶಕ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಎಲ್ಲ ಅಲ್ಲೇ ನಿಲ್ಲುತ್ತದೆ. ನಾಯಿಗೂ ಅದೇ ನಿಯಮ. ಬಾಗಿಲ ಬಳಿ ಒಂದು ಹಳೆಯ ಟವೆಲ್ ಇಟ್ಟುಕೊಂಡು ನಾಲ್ಕು ಪಾದ ಒರೆಸಿ ಒಳಗೆ ಬಿಡಿ.

ಸೋಫಾ

ಸೋಫಾ ಕುಶನ್ ಅಡಿಯಲ್ಲಿ ಒಂದು ಲೇಬಲ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಡಬ್ಲ್ಯೂ' ಎಂದಿದ್ದರೆ ನೀರು ಮತ್ತು ಸೋಪು ಬಳಸಬಹುದು. 'ಎಸ್' ಇದ್ದರೆ ನೀರು ತಾಗಿಸಬಾರದು, ಡ್ರೈ ಕ್ಲೀನಿಂಗ್ ದ್ರಾವಣ ಮಾತ್ರ. 'ಡಬ್ಲ್ಯೂಎಸ್' ಇದ್ದರೆ ಎರಡೂ ಸರಿ. 'ಎಕ್ಸ್' ಇದ್ದರೆ ವ್ಯಾಕ್ಯೂಮ್ ಮಾತ್ರ. ಹೊಸ ಸೋಫಾ ಕೊಳ್ಳುವವರು ಬಣ್ಣ ನೋಡುವ ಮುಂಚೆ ಈ ಅಕ್ಷರ ನೋಡಿ. ಮಗು, ಪ್ರಾಣಿ ಇರುವ ಮನೆಗೆ 'ಡಬ್ಲ್ಯೂ' ಅಥವಾ 'ಡಬ್ಲ್ಯೂಎಸ್' ಬೇಕು. ಕವರ್ ಬಿಚ್ಚಿ ಮೆಷಿನ್‌ಗೆ ಹಾಕುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಈಗಾಗಲೇ ಬೇರೆ ಸೋಫಾ ಇದೆಯೇ? ಚಿಂತೆ ಬೇಡ. ಎರಡು ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಒಂದು ಮೆಷಿನ್‌ನಲ್ಲಿದ್ದಾಗ ಇನ್ನೊಂದು ಸೋಫಾ ಮೇಲೆ. ನೋಡಲು ಚೆನ್ನಾಗಿಲ್ಲ ಎನ್ನುತ್ತೀರಿ. ಮಗುವಿಗೆ ನಾಲ್ಕು ವರ್ಷ ಆಗುವ ತನಕ ಚೆನ್ನಾಗಿ ಕಾಣುವ ಸೋಫಾ ಯಾರ ಮನೆಯಲ್ಲೂ ಇಲ್ಲ, ನಂಬಿ.

ವಾರಕ್ಕೆ ಎರಡು ಮೂರು ಸಲ ಸೋಫಾವನ್ನು ವ್ಯಾಕ್ಯೂಮ್ ಮಾಡಿ, ಸಂದುಗಳನ್ನು ಸಹ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಸೂಕ್ಷ್ಮ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಳೆಯದು ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತದೆ. ಕೂದಲು ಅಂಟಿದ್ದರೆ ರಬ್ಬರ್ ಗ್ಲೌಸನ್ನು ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿ, ಉಂಡೆಯಾಗಿ ಬರುತ್ತದೆ.

ಸಂದಿಗೆ ಕೈ ಹಾಕಿದಾಗ ಏನೇನು ಸಿಗುತ್ತದೆ ನೋಡಿ. ಕಡಲೆಬೀಜ, ನಾಯಿಯ ಒಣ ಆಹಾರ, ನಾಣ್ಯ, ಕಿವಿಯ ಓಲೆ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ನಾಯಿ ಕುಶನ್ ಕಚ್ಚಿ ಹರಿದಿದ್ದರೆ ಆ ದಿನವೇ ಹೊಲಿಯಿರಿ ಅಥವಾ ತೆಗೆದಿಡಿ. ಫೋಮ್ ತುಂಡು ಇಬ್ಬರ ಗಂಟಲಿಗೂ ಒಳ್ಳೆಯದಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಬಟನ್ ಬ್ಯಾಟರಿ, ಅಂದರೆ ನಾಣ್ಯದ ಹಾಗಿರುವ ಚಪ್ಪಟೆ ಬ್ಯಾಟರಿ. ಇದು ಚಿಕ್ಕ ರಿಮೋಟ್‌ನಲ್ಲಿ ಇರುತ್ತದೆ, ದೀಪಾವಳಿಗೆ ನಾವು ಸಾಲಾಗಿ ಇಡುವ ಪ್ಲಾಸ್ಟಿಕ್ ಎಲ್‌ಇಡಿ ದೀಪಗಳಲ್ಲೂ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ನೇರ ಎಮರ್ಜೆನ್ಸಿಗೆ ಹೋಗಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಲು ಆಗುತ್ತಿದ್ದು, ಬ್ಯಾಟರಿ ಒಳಗೆ ಹೋಗಿ ಹನ್ನೆರಡು ಗಂಟೆ ಆಗಿಲ್ಲದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಒಟ್ಟು ಆರು ಸಲ ಮೀರದ ಹಾಗೆ. ಜೇನುತುಪ್ಪ ಹುಡುಕುತ್ತಾ ತಡ ಮಾಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ.

ಇನ್ನು ನಮ್ಮ ಮನೆಗಳ ಖಾಸಾ ಕಲೆ, ಅರಿಶಿನ. ಸಾರು ಚೆಲ್ಲಿದ ತಕ್ಷಣ ಎಲ್ಲರೂ ಬಲವಾದ ಸೋಪು ಹಚ್ಚಿ ತಿಕ್ಕುತ್ತೇವೆ, ಹಳದಿ ಹೋಗಿ ಕೆಂಪಾಗುತ್ತದೆ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ, ಕ್ಷಾರ ತಾಗಿದರೆ ಅರಿಶಿನ ಬಣ್ಣ ಬದಲಿಸುತ್ತದೆ. ಮೊದಲು ಚಮಚದಿಂದ ಎತ್ತಿ, ಕಾಗದದಿಂದ ಒತ್ತಿ, ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಎರಡು ಹನಿ ಹಾಕಿದ ತಣ್ಣೀರಿನಿಂದ ಒರೆಸಿ. ಬಿಚ್ಚುವ ಕವರ್ ಆದರೆ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ. ಇದು ನಿಮ್ಮ ಅಜ್ಜಿಗೂ ಗೊತ್ತಿತ್ತು.

ಕಾರ್ಪೆಟ್ ಮೇಲೆ ಉಚ್ಚೆ

ಮಗುವಿನದಾಗಲಿ ನಾಯಿಯದಾಗಲಿ ಕ್ರಮ ಒಂದೇ. ತಿಕ್ಕಬೇಡಿ. ಒಣ ಬಟ್ಟೆ ಅಥವಾ ಪೇಪರ್ ಟವೆಲ್ ಹಾಕಿ, ಮೇಲೆ ನಿಂತು ಒತ್ತಿ ಹೀರಿಸಿ. ತಣ್ಣೀರು ಸ್ವಲ್ಪ ಹಾಕಿ ಮತ್ತೆ ಹೀರಿಸಿ. ಆಮೇಲೆ ಎಂಜೈಮ್ ಇರುವ ಕ್ಲೀನರ್ ಹಾಕಿ, ಲೇಬಲ್ ಹೇಳಿದಷ್ಟು ಹೊತ್ತು ಬಿಡಿ. ಎಂಜೈಮ್‌ಗೆ ಸಮಯ ಬೇಕು, ಎರಡು ನಿಮಿಷಕ್ಕೆ ಒರೆಸಿಬಿಟ್ಟರೆ ಕೆಲಸ ಆಗುವುದಿಲ್ಲ. ಅದು ಒಣಗುವ ತನಕ ಮಗುವನ್ನು ಆ ಕಡೆ ಬಿಡಬೇಡಿ. ಬಿಸಿ ಸ್ಟೀಮ್ ಹಾಕಬೇಡಿ, ವಾಸನೆ ನಾರಿನಲ್ಲಿ ಕೂತುಬಿಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ನಾಯಿಗೆ ಉಚ್ಚೆಯ ಹಾಗೇ ಅನ್ನಿಸಿ ಮತ್ತೆ ಅಲ್ಲೇ ಮಾಡುತ್ತದೆ.

ಈಗ ಹೇಳುವುದನ್ನು ದಯವಿಟ್ಟು ನೆನಪಿಡಿ. ಉಚ್ಚೆಯ ಮೇಲೆ ಬ್ಲೀಚ್ ಸುರಿಯಬೇಡಿ. ಉಚ್ಚೆಯಲ್ಲಿ ಅಮೋನಿಯಾ ಇರುತ್ತದೆ. ಬ್ಲೀಚ್ ಮತ್ತು ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಬರುತ್ತದೆ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ. ಬ್ಲೀಚ್ ಅನ್ನು ನೀರಲ್ಲದೆ ಬೇರೆ ಯಾವುದರ ಜೊತೆಗೂ ಬೆರೆಸಬೇಡಿ. ಚಳಿಗಾಲದಲ್ಲಿ ಇಲ್ಲಿ ಕಿಟಕಿ ಎಲ್ಲ ಮುಚ್ಚಿರುತ್ತೇವೆ. ಅನಿಲ ನೆಲದ ಹತ್ತಿರ ನಿಂತರೆ ಮೊದಲು ಉಸಿರಾಡುವುದು ಮಗು ಮತ್ತು ನಾಯಿ. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲರನ್ನೂ ಕರೆದುಕೊಂಡು ತಕ್ಷಣ ಹೊರಗೆ ಹೋಗಿ.

ಬಾಡಿಗೆ ಮೆಷಿನ್ ತಂದು ಕಾರ್ಪೆಟ್ ತೊಳೆಯುವವರು ಸೋಪು ಕಡಿಮೆ ಹಾಕಿ. ಉಳಿದ ಸೋಪು ಅಂಟಂಟಾಗಿ ಮತ್ತೆ ಕೊಳೆ ಹಿಡಿಯುತ್ತದೆ, ಮಗುವಿನ ಚರ್ಮಕ್ಕೂ ಒಳ್ಳೆಯದಲ್ಲ. ಒದ್ದೆಯಾದ ಕಾರ್ಪೆಟ್ 24ರಿಂದ 48 ಗಂಟೆಯೊಳಗೆ ಒಣಗಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಬೇಸ್‌ಮೆಂಟ್‌ನಲ್ಲಿ ಫ್ಯಾನ್ ಮತ್ತು ಡಿಹ್ಯುಮಿಡಿಫೈಯರ್ ಹಾಕಿ. ಚಿಗಟಕ್ಕೆಂದು ಕಾರ್ಪೆಟ್ ಮೇಲೆ ಬೋರಾಕ್ಸ್ ಪುಡಿ ಉದುರಿಸುವುದನ್ನು ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಮಾಡಬೇಡಿ.

ಹಾಸಿಗೆ, ಹೊದಿಕೆ, ಬೊಂಬೆ

ಹಾಸಿಗೆಗೆ ಜಿಪ್ ಇರುವ, ನೀರು ಇಳಿಯದ ಕವರ್ ಹಾಕಿ. ಇದೊಂದೇ ಖರ್ಚಿನಿಂದ ಮಗುವಿನ ಉಚ್ಚೆ, ನಾಯಿಯ ಕೂದಲು, ಧೂಳಿನ ಹುಳ ಮೂರಕ್ಕೂ ತಡೆ. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ. ನೀರು 130 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಧೂಳಿನ ಹುಳ ಸಾಯುತ್ತದೆ. ಮನೆಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಅವು ಬೆಳೆಯುವುದೂ ಕಡಿಮೆ. ಬಟ್ಟೆ ಬೊಂಬೆಗಳು ಮೆಷಿನ್‌ಗೆ ಹಾಕುವಂಥವೇ ಇರಲಿ. ನಾಯಿಯ ಆಟಿಕೆ ಒಂದು ಬುಟ್ಟಿ, ಮಗುವಿನ ಆಟಿಕೆ ಇನ್ನೊಂದು ಬುಟ್ಟಿ.

ನಾಯಿಗೆ ಅದರದೇ ಹಾಸಿಗೆ ಕೊಡಿ, ವಾರಕ್ಕೊಮ್ಮೆ ಒಗೆಯಿರಿ. ಅದು ನಾಯಿಯ ಜಾಗ, ಮಗು ಅಲ್ಲಿಗೆ ಹೋಗಬಾರದು. ಇದು ಶುಚಿಗೆ ಮಾತ್ರ ಅಲ್ಲ. ಮಲಗಿದ ನಾಯಿಯ ಮೇಲೆ ಮಗು ಬಿದ್ದರೆ ಎಷ್ಟೇ ಸಾಧುವಾದ ನಾಯಿಯೂ ಕಚ್ಚಬಹುದು. ಎರಡು ನಿಮಿಷಕ್ಕೂ ಇಬ್ಬರನ್ನೇ ಬಿಟ್ಟು ಹೋಗಬೇಡಿ.

ಕ್ರಿಮಿನಾಶಕ ಯಾವಾಗ ಬೇಕು?

ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ ಬೇಕು. ಚಳಿಗಾಲದಲ್ಲಿ ಇಲ್ಲಿ ಮಕ್ಕಳಿಗೆ ನೊರೊವೈರಸ್ ಹರಡುತ್ತದೆ. ಅದಕ್ಕೆ ಹ್ಯಾಂಡ್ ಸ್ಯಾನಿಟೈಸರ್ ಸಾಲುವುದಿಲ್ಲ, ಸೋಪು ನೀರೇ ಬೇಕು. ಗ್ಲೌಸ್ ಹಾಕಿ, ಮೊದಲು ವಾಂತಿಯನ್ನು ಪೇಪರ್‌ನಿಂದ ಎತ್ತಿ. ಮೇಜು, ಟೈಲ್ಸ್‌ನಂಥ ಗಟ್ಟಿ ಜಾಗಕ್ಕೆ ಒಂದು ಗ್ಯಾಲನ್ ನೀರಿಗೆ 5ರಿಂದ 25 ಟೇಬಲ್ ಚಮಚ ಬ್ಲೀಚ್ ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು, ಸೋಪು ನೀರಲ್ಲಿ ತೊಳೆಯಿರಿ. ಆಗ ಕಿಟಕಿ ತೆಗೆದಿಡಿ. ಮಗುವನ್ನೂ ಪ್ರಾಣಿಯನ್ನೂ ಬೇರೆ ಕೋಣೆಯಲ್ಲಿಡಿ. ಬಟ್ಟೆ, ಕವರ್ ಎಲ್ಲ ಬಿಸಿ ನೀರಿನಲ್ಲಿ ಒಗೆದು ಡ್ರೈಯರ್‌ನಲ್ಲಿ ಚೆನ್ನಾಗಿ ಒಣಗಿಸಿ. ಹೀಗೆ ಮಾಡುವ ದಿನಗಳು ವರ್ಷಕ್ಕೆ ಕೆಲವೇ. ಉಳಿದ ದಿನಗಳಿಗೆ ಸೋಪು ನೀರು ಸಾಕು.

ನಾಯಿ, ಬೆಕ್ಕಿನ ಆರೋಗ್ಯವೇ ಸೋಫಾದ ಆರೋಗ್ಯ

ನಾಯಿಮರಿ, ಬೆಕ್ಕಿನಮರಿಗಳ ಹೊಟ್ಟೆಯಲ್ಲಿ ಜಂತುಹುಳು ಸಾಮಾನ್ಯ. ಅವುಗಳ ಮಲದಲ್ಲಿ ಬರುವ ಟೊಕ್ಸೊಕಾರ ಎಂಬ ಹುಳುವಿನ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಅಪರೂಪಕ್ಕೆ ಕಣ್ಣಿಗೂ ತೊಂದರೆ ಮಾಡುತ್ತದೆ. ಆದರೆ ಆ ಮೊಟ್ಟೆ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿತ ಮೇಲಷ್ಟೇ ರೋಗ ತರುತ್ತದೆ. ಹಾಗಾದರೆ ಉಪಾಯ ಸುಲಭ. ಹಿತ್ತಲಿನ ಮಲ ಅಂದಂದೇ ಎತ್ತಿ. ಪಶುವೈದ್ಯರು ಹೇಳಿದ ಪ್ರಕಾರ ಜಂತು ಔಷಧಿ ತಪ್ಪಿಸಬೇಡಿ. ಮಕ್ಕಳ ಮರಳಿನ ಗುಂಡಿಗೆ ಮುಚ್ಚಳ ಹಾಕಿ, ಬೆಕ್ಕುಗಳು ಅದನ್ನು ಕಕ್ಕಸು ಮಾಡಿಕೊಳ್ಳುತ್ತವೆ.

ಬೆಕ್ಕಿನ ಲಿಟರ್ ಬಾಕ್ಸ್ ದಿನವೂ ಶುಚಿ ಮಾಡಿ. ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಮಲದಲ್ಲಿ ಬಂದು ಒಂದರಿಂದ ಐದು ದಿನದ ನಂತರ ಹರಡುವ ಸ್ಥಿತಿಗೆ ಬರುತ್ತದೆ. ಗರ್ಭಿಣಿಯರು ಆ ಕೆಲಸ ಗಂಡನಿಗೆ ಬಿಡಿ. ಇದು ಡಾಕ್ಟರ ಆಜ್ಞೆ ಎಂದೇ ಹೇಳಿ.

ಚಿಗಟ ನಾಯಿಯ ಮೈ ಮೇಲೆ ಕಾಣುವುದು ಸ್ವಲ್ಪ. ಅದರ ಮೊಟ್ಟೆ, ಮರಿಗಳು ಹೆಚ್ಚಾಗಿ ಇರುವುದು ಕಾರ್ಪೆಟ್, ಸೋಫಾ, ನಾಯಿಯ ಹಾಸಿಗೆಯಲ್ಲಿ. ಮಗು ಚಿಗಟವನ್ನೇ ನುಂಗಿದರೆ ಲಾಡಿಹುಳು ಬರಬಹುದು. ಆದ್ದರಿಂದ ನಾಯಿಗೆ ಔಷಧಿ ಮತ್ತು ಮನೆಗೆ ವ್ಯಾಕ್ಯೂಮ್ ಎರಡೂ ಒಟ್ಟಿಗೆ ನಡೆಯಬೇಕು, ಹಲವು ವಾರ. ಒಂದು ಎಚ್ಚರಿಕೆ: ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿಗೆ ವಿಷ. ಮಗುವಿನ ಮೈ ಮೇಲೆ ದುಂಡಗೆ, ತುರಿಸುವ ಹುಳುಕಡ್ಡಿ ಬಂದರೆ ಮನೆಯ ಬೆಕ್ಕಿನಮರಿಯನ್ನೂ ಪಶುವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಸೋಫಾದಲ್ಲಿ ಉಳಿದದ್ದು ಮತ್ತೆ ಮತ್ತೆ ಅಂಟುತ್ತದೆ.

ನಮ್ಮದೇ ಮನೆಯ ವಸ್ತುಗಳು

ಈಗ ಸ್ವಲ್ಪ ಕಹಿ ಮಾತು. ಇಲ್ಲಿನ ಡಾಕ್ಟರುಗಳು ನಿಮ್ಮನ್ನು ಕೇಳದ ಪ್ರಶ್ನೆಗಳಿವು, ನಾನು ಕೇಳುತ್ತೇನೆ.

ಫಿನಾಯಿಲ್. ಊರಿಂದ ಬಂದವರಿಗೆ ಅದರ ವಾಸನೆ ಬಂದರೇ ನೆಲ ಒರೆಸಿದ ಹಾಗೆ. ಬೆಕ್ಕಿನ ದೇಹಕ್ಕೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿ, ಕಾಯಿಲೆ ಬೀಳುತ್ತದೆ. ಮಗುವೂ ಅದೇ ನೆಲದ ಮೇಲೆ ಕೈ ಊರಿ ಬೆರಳು ಚೀಪುತ್ತದೆ. ಬೇಡ.

ಕರ್ಪೂರ. ಬೆಳ್ಳಗಿದೆ, ಚೌಕವಾಗಿದೆ, ಮಗುವಿನ ಕಣ್ಣಿಗೆ ಕಲ್ಲುಸಕ್ಕರೆ. ಬೀರುವಿನಲ್ಲಿ, ಸೋಫಾ ಅಡಿಯಲ್ಲಿ ಹುಳ ಬಾರದಿರಲಿ ಎಂದು ಇಡುವವರೂ ಇದ್ದಾರೆ. ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು, ಸ್ವಲ್ಪ ಪ್ರಮಾಣವೂ ಚಿಕ್ಕ ಮಗುವಿಗೆ ಪ್ರಾಣಾಪಾಯ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮನೆಯಲ್ಲಿ ಬಳಸಿದ ಕರ್ಪೂರದಿಂದ ಫಿಟ್ಸ್ ಬಂದ ಮಕ್ಕಳ ಬಗ್ಗೆ ವೈದ್ಯರು 2009ರಲ್ಲಿ ವರದಿ ಪ್ರಕಟಿಸಿದ್ದಾರೆ. ದೇವರ ಮನೆಯ ಕರ್ಪೂರದ ಡಬ್ಬಿ ಮಗುವಿಗೆ ಎಟುಕದ ಎತ್ತರದಲ್ಲಿ, ಬೀಗದೊಳಗೆ ಇರಲಿ. ಆರತಿ ಮುಗಿದ ಕೂಡಲೇ ಒಳಗಿಡಿ. ಮಗು ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ಕೂಡಲೇ ಫೋನ್ ಮಾಡಿ.

ನುಸಿಗುಳಿಗೆ. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ, ಹಳೆಯ ಹೊದಿಕೆಗಳ ನಡುವೆ ಇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳು ನೆಫ್ತಲೀನ್ ನುಂಗಿದರೆ ರಕ್ತಕಣಗಳು ಒಡೆಯುತ್ತವೆ. ಒಂದೆರಡು ದಿನ ಬಿಟ್ಟು ಮಗು ಬಿಳಿಚಿಕೊಂಡು, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಈ ಕೊರತೆ ಭಾರತೀಯರಲ್ಲಿ ಅಪರೂಪವೇನಲ್ಲ. ನಾಯಿ ಬೆಕ್ಕುಗಳಿಗೂ ಅದು ವಿಷ. ಮುಚ್ಚಳ ಬಿಗಿಯಾದ ಪೆಟ್ಟಿಗೆ ಸಾಕು, ಗುಳಿಗೆ ಬೇಡ.

ಕುಂಕುಮ, ಸಿಂಧೂರ. ನ್ಯೂಜೆರ್ಸಿಯ ಅಂಗಡಿಗಳಲ್ಲಿ ಕೊಂಡ ಸಿಂಧೂರದ ಪುಡಿಗಳನ್ನು ಪರೀಕ್ಷಿಸಿದಾಗ ಹಲವದರಲ್ಲಿ ಸೀಸ ಸಿಕ್ಕಿದೆ, ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸೀಸ ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಪೂಜೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅರಿಶಿನದಿಂದ ಮಾಡಿದ್ದು ಎಂದು ಖಾತ್ರಿ ಇರುವ ಕುಂಕುಮ ಬಳಸಿ. ಮಗುವಿನ ಹಣೆಗೆ ಹಚ್ಚಬೇಡಿ, ಕೈಗೆ ಸಿಗುವ ಹಾಗೆ ಬಟ್ಟಲು ಇಡಬೇಡಿ, ಕೆಳಗೆ ಚೆಲ್ಲಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. 1978ಕ್ಕೆ ಮುಂಚೆ ಕಟ್ಟಿದ ಮನೆಯಲ್ಲಿ ಇದ್ದರೆ ಗೋಡೆ, ಕಿಟಕಿಯ ಬಣ್ಣದಲ್ಲೂ ಸೀಸ ಇರಬಹುದು. ಕಿಟಕಿಯ ಅಂಚಿನ ಧೂಳನ್ನು ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ಮಗುವಿಗೆ ಒಂದು ವರ್ಷ ಮತ್ತು ಎರಡು ವರ್ಷ ತುಂಬಿದಾಗ ಸೀಸದ ರಕ್ತ ಪರೀಕ್ಷೆ ಮಾಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಫಲಿತಾಂಶ 3.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೂಲ ಹುಡುಕಬೇಕು.

ನಾಯಿಯನ್ನು ಕೊಟ್ಟುಬಿಡಬೇಕಾ?

ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮಗು ಚೆನ್ನಾಗಿ ಬೆಳೆಯುತ್ತಿದೆ, ಉಬ್ಬಸವಿಲ್ಲ, ಇಸುಬಿಲ್ಲ, ನಾಯಿಗೆ ಲಸಿಕೆ ಮತ್ತು ಜಂತು ಔಷಧಿ ಸರಿಯಾಗಿ ಆಗಿದೆ ಎಂದಾದರೆ ಶುಚಿಯ ಕಾರಣಕ್ಕೆ ನಾಯಿಯನ್ನು ಬಿಡಬೇಕಾಗಿಲ್ಲ. ಮಗುವಿಗೆ ಉಬ್ಬಸ ಇದ್ದು, ಪರೀಕ್ಷೆಯಲ್ಲಿ ನಾಯಿ ಅಥವಾ ಬೆಕ್ಕಿನ ಅಲರ್ಜಿ ಖಚಿತವಾದರೆ ಮಾತು ಬೇರೆ, ಆಗ ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಆಗಲೂ ಒಂದು ವಿಷಯ ತಿಳಿದಿರಲಿ. ಬೆಕ್ಕನ್ನು ಕಳಿಸಿದ ಮೇಲೂ ಅದರ ಅಲರ್ಜಿಯ ಅಂಶ ಸೋಫಾ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಗುವಿನ ಕೋಣೆಗೆ ಪ್ರಾಣಿಯನ್ನು ಬಿಡದಿರುವುದು, ಕವರ್ ಒಗೆಯುವುದು, ಹೆಪಾ ವ್ಯಾಕ್ಯೂಮ್ ಇವು ಅಂದಿನಿಂದಲೇ ಶುರುವಾಗಬೇಕು. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚುವುದನ್ನೂ ನಿಲ್ಲಿಸಿ. ಎಷ್ಟೋ ಮನೆಗಳಲ್ಲಿ ಉಬ್ಬಸದ ತಪ್ಪನ್ನು ನಾಯಿಯ ಮೇಲೆ ಹೊರಿಸುತ್ತಾರೆ, ಹೊಗೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇಲ್ಲಿ ಕೂತಿರುವ ಹಿರಿಯರಿಗೆ ಒಂದು ಮಾತು. ನನ್ನ ಅಮ್ಮನೂ ಮೊದಲ ಸಲ ಬಂದಾಗ ನಾಯಿಯನ್ನು ನೋಡಿ ಮೂರು ದಿನ ಸೋಫಾ ಮೇಲೆ ಕೂರಲಿಲ್ಲ. ಅವರ ಕಾಳಜಿ ಸುಳ್ಳಲ್ಲ. ಊರಿನಲ್ಲಿ ಬೀದಿನಾಯಿ, ರೇಬೀಸ್ ನೋಡಿ ಬೆಳೆದವರು ಹೆದರುವುದು ಸಹಜ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದೇವರ ಮನೆ, ಅಡುಗೆಮನೆಗೆ ನಾಯಿ ಬರುವುದಿಲ್ಲ, ಬಾಗಿಲಿಗೆ ಮಕ್ಕಳ ಗೇಟ್. ಅಮ್ಮನಿಗೆ ಒಂದು ಕುರ್ಚಿ, ಅದರ ಮೇಲೆ ನಾಯಿ ಹತ್ತುವುದಿಲ್ಲ. ಮಗುವಿನ ಕೈ ತೊಳೆಸುವ ಜವಾಬ್ದಾರಿ ಅಮ್ಮನದು. ಅವರು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಆ ಆರು ತಿಂಗಳು ಮಗನಿಗೆ ಒಂದು ಶೀತವೂ ಬಂದ ನೆನಪಿಲ್ಲ. ಮಡಿಯ ಅಭ್ಯಾಸ ಇರುವ ಅಜ್ಜಿಗಿಂತ ಒಳ್ಳೆಯ ಕೈ ತೊಳೆಸುವವರು ಸಿಗುವುದಿಲ್ಲ. ಅವರ ಕೈಯಿಂದ ಫಿನಾಯಿಲ್ ಬಾಟಲಿ ತೆಗೆದುಕೊಳ್ಳಿ, ಸೋಪು ಕೊಡಿ.

ಸೊಸೆಯಂದಿರಿಗೂ ಒಂದು ಮಾತು. ಸೋಫಾ ಮೇಲೆ ಕೂದಲು ಇದ್ದ ಮಾತ್ರಕ್ಕೆ ನೀವು ಕೆಟ್ಟ ತಾಯಿ ಅಲ್ಲ. ಈ ಕೆಲಸ ಒಬ್ಬರದೂ ಅಲ್ಲ. ವ್ಯಾಕ್ಯೂಮ್‌ನ ಹಿಡಿಕೆ ಗಂಡಸರ ಕೈಗೂ ಚೆನ್ನಾಗಿ ಹೊಂದುತ್ತದೆ.

ಫ್ರಿಜ್ ಮೇಲೆ ಅಂಟಿಸಿಕೊಳ್ಳಿ

ದಿನವೂ: ಕೈ ತೊಳೆಯುವುದು, ಪ್ರಾಣಿಯ ಮಲ ಎತ್ತುವುದು, ಊಟದ ಕುರ್ಚಿ ಮತ್ತು ನೆಲ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಪ್ರಾಣಿಯ ತಟ್ಟೆ ತೊಳೆಯುವುದು.

ವಾರಕ್ಕೆ ಎರಡು ಮೂರು ಸಲ: ಸೋಫಾ, ಕಾರ್ಪೆಟ್ ವ್ಯಾಕ್ಯೂಮ್, ಕುಶನ್ ಸಂದು ನೋಡುವುದು.

ವಾರಕ್ಕೊಮ್ಮೆ: ಬೆಡ್‌ಶೀಟ್, ಸೋಫಾ ಹೊದಿಕೆ, ನಾಯಿಯ ಹಾಸಿಗೆ, ಬಟ್ಟೆ ಬೊಂಬೆ ಒಗೆಯುವುದು.

ಯಾವಾಗಲೂ: ಕ್ಲೀನರ್ ಅದರ ಮೂಲ ಬಾಟಲಿಯಲ್ಲೇ, ಎತ್ತರದಲ್ಲಿ, ಬೀಗದೊಳಗೆ. ಕುಡಿಯುವ ಬಾಟಲಿಗೆ ಎಂದಿಗೂ ಬೇಡ.

ಮಗು ಏನಾದರೂ ನುಂಗಿದರೆ ಪಾಯ್ಸನ್ ಕಂಟ್ರೋಲ್: 1-800-222-1222. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ದುಭಾಷಿಯನ್ನೂ ಕೇಳಬಹುದು. ಬಾಟಲಿ ಕೈಯಲ್ಲಿ ಹಿಡಿದುಕೊಂಡು ಫೋನ್ ಮಾಡಿ. ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪಿದರೆ ನೇರ 911. ನಾಯಿ ಬೆಕ್ಕು ನುಂಗಿದರೆ ಪ್ರಾಣಿಗಳ ಪಾಯ್ಸನ್ ಕಂಟ್ರೋಲ್: 888-426-4435, ಇದಕ್ಕೆ ಶುಲ್ಕ ಇರುತ್ತದೆ.

ಈ ನಂಬರುಗಳನ್ನು ಊಟಕ್ಕೆ ಏಳುವ ಮುಂಚೆ, ಈಗಲೇ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ. ಅಜ್ಜ ಅಜ್ಜಿಯರ ಫೋನ್‌ನಲ್ಲೂ ಮಾಡಿಕೊಡಿ, ಹಗಲು ಹೊತ್ತು ಮಗುವಿನ ಜೊತೆ ಇರುವವರು ಅವರೇ. ನಾನು ಒಂದು ನಿಮಿಷ ಕಾಯುತ್ತೇನೆ.

ಆಯಿತೇ? ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲೇ ಕೇಳಿ, ನಾನೂ ತಟ್ಟೆ ಹಿಡಿದು ಅಲ್ಲೇ ಇರುತ್ತೇನೆ.